ಬಸವನ ಎಡಗಿವಿ

“ನಮ್ಮ ಹೊನ್ನುಗಟ್ಟದ ಸೋಮೇಶ್ವರನ ಗುಡಿ ನೆಲದ ಮೇಲೆ ನಿಂತಿಲ್ಲಪ್ಪ, ಆಕಾಶದಿಂದ ತೂಗುಬಿದ್ದಿದೆ. ನೋಡೋರು ಹೆದರ್ಕೋಬಾರದು ಅಂತ ನೆಲಕ್ಕೆ ತಾಗಿರೋ ಹಾಗೆ ನಟಿಸುತ್ತೆ, ಅಷ್ಟೆ,” ಎಂದು ನಂಜುಂಡಸ್ವಾಮಿ ಸಮುದ್ರದಾಚೆಯ ಪಾರ್ಸಿಪನಿಯ ಇಂಡಿಯನ್ ಅಂಗಡಿಯ ಕೌಂಟರಿನ ಮೇಲೆ ಎರಡು ಕಟ್ಟು ಕೊತ್ತಂಬರಿಯನ್ನೂ ಒಂದು ತೆಂಗಿನಕಾಯಿಯನ್ನೂ ಇಡುತ್ತ ಹೇಳಿದ. ಆಷಾಢದ ಗಾಳಿಗೆ ಇಡೀ ಗುಡಿ ತೊಟ್ಟಿಲಿನ ಹಾಗೆ ಆಡುವುದನ್ನು ತಾನು ಕಣ್ಣಾರೆ ಕಂಡಿದ್ದೇನೆಂದೂ, ಆಗೆಲ್ಲ ಅರ್ಚಕರು ಒಂದು ಕೈಯಲ್ಲಿ ಕಂಬ ತಬ್ಬಿಕೊಂಡೇ ಮಂಗಳಾರತಿ ಎತ್ತುತ್ತಿದ್ದರೆಂದೂ ಸೇರಿಸಿದ. ಬಿಲ್ ಹಾಕುತ್ತಿದ್ದ ಹುಬ್ಬಳ್ಳಿಯ ಸಮೀರ್ ತಲೆ ಎತ್ತಲಿಲ್ಲ. “ಹ್ವಾದ ವಾರ ಒಂದ ಕಂಬ ನೆಲಕ್ಕ ತಾಗಿಲ್ಲ ಅಂದಿದ್ರಲ್ರೀ ಅಂಕಲ್. ಇವತ್ತ ಇಡೀ ಗುಡೀನ ಎತ್ತಿಬಿಟ್ರಿ?” ಎಂದ. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು ನಕ್ಕಳು. ಬೇರೆ ಶನಿವಾರವಾಗಿದ್ದರೆ ಆ ನಗುವೇ ಅವನಿಗೆ ಸಾಕಾಗಿತ್ತು. ಉಳಿದ ಕಂಬಗಳೂ ಈ ವಾರ ಬೇಸತ್ತು ಮೇಲೆ ಹೋದವು ಎಂದು ಹೇಳಿ, ಗುಡಿಯ ವಯಸ್ಸಿಗೆ ಇನ್ನೊಂದು ಐನೂರು ವರ್ಷ ಹಾಕಿ, ಗೆದ್ದವನ ಹಾಗೆ ಹೊರಗೆ ಬರುತ್ತಿದ್ದ. ಇವತ್ತು ಮಾತ್ರ ಕಾರ್ಡನ್ನು ತಿರುವುಮುರುವಾಗಿ ತೂರಿಸಿದ, ಮೆಷಿನ್ನು ಕೂಗಿತು, ಮತ್ತೆ ತೂರಿಸಿದ, ಮತ್ತೆ ಕೂಗಿತು. ಸಮೀರ್ ಎದ್ದು ಕಾರ್ಡನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನೇ ಸರಿಯಾಗಿ ಇಟ್ಟ. ಮುದುಕರಿಗೆ ಮಾಡುವ ಹಾಗೆ.

ಕಾರಿನಲ್ಲಿ ಕೂತವನು ಸ್ಟಾರ್ಟ್ ಮಾಡಲಿಲ್ಲ. ಗುರುವಾರ ಬಂದ ಮೆಸೇಜನ್ನು ಮತ್ತೆ ತೆಗೆದು ಓದಿದ. ಎರಡು ದಿನದಲ್ಲಿ ಅದನ್ನು ಎಷ್ಟು ಸಲ ಓದಿದ್ದಾನೆಂದರೆ, ಹತ್ತು ಸಾವಿರ ಸಲ ಎಂದು ಹೇಳಿದರೂ ಈ ಒಂದು ವಿಷಯದಲ್ಲಿ ಅದು ಉತ್ಪ್ರೇಕ್ಷೆಯಾಗಲಾರದು. “ನಮಸ್ತೆ ಅಂಕಲ್, ನಾನು ತನುಶ್ರೀ. ಹೋದ ತಿಂಗಳು ಪಾರ್ಸಿಪನಿಗೆ ಶಿಫ್ಟ್ ಆದೆ. ನಾವೂ ಹೊನ್ನುಗಟ್ಟದವರೇ. ಇಲ್ಲಿನ ಕನ್ನಡ ಸಂಘದ ಸಂಚಿಕೆಯಲ್ಲಿ ನಮ್ಮೂರ ಗುಡಿ ಬಗ್ಗೆ ನೀವು ಬರೆದ ಲೇಖನ ಊರಲ್ಲಿ ಎಲ್ಲರ ವಾಟ್ಸಾಪಿನಲ್ಲೂ ಇದೆ. ನಿಮ್ಮಿಂದ ಒಂದು ದೊಡ್ಡ ಉಪಕಾರ ಆಗಬೇಕು. ಶನಿವಾರ ಒಂಬತ್ತೂವರೆಗೆ ಬರಲಾ?” ಕೆಳಗೆ, ಇನ್ನೊಂದು ಸಾಲಿನಲ್ಲಿ, ಮರೆತು ನೆನಪಾದ ಹಾಗೆ: “ನಾನು ಸಿದ್ದರಾಮಪ್ಪನವರ ಮೊಮ್ಮಗಳು.” ವಾಟ್ಸಾಪು ಸಮುದ್ರ ದಾಟಿ ಹಿಂದಕ್ಕೂ ಹೋಗುತ್ತದೆ ಎಂಬುದು ಆರು ವರ್ಷದ ಹಿಂದೆ ಅವನಿಗೆ ಹೊಳೆದಿರಲಿಲ್ಲ. ಸಂಘದ ಯುಗಾದಿ ಸಂಚಿಕೆಗೆ ಒಂದು ಪುಟ ಖಾಲಿ ಉಳಿದಿದೆ, ನಿಮ್ಮ ಊರ ಗುಡಿ ಕತೆ ಬರೆದುಕೊಡಿ ಎಂದು ಕೇಳಿದರು. ಒಂದು ಪುಟ ಕೇಳಿದವರಿಗೆ ಏಳು ಪುಟ ಕೊಟ್ಟ. ಬಸವ ಆನೆಗಿಂತ ಒಂದು ಗೇಣು ಎತ್ತರ ಎಂದು ಬರೆದ. ಅದರ ಮುರಿದ ಎಡಗಿವಿಗೊಂದು ಕಾರಣ ಬೇಕಾಗಿತ್ತು, ನಾಲ್ಕು ನೂರು ವರ್ಷದ ಹಿಂದೆ ದಂಡೆತ್ತಿ ಬಂದ ಯಾವನೋ ಸೈನಿಕನನ್ನು ಕರೆಸಿದ. ಅವನ ಕತ್ತಿ ಬೀಸಿಸಿದ. ಕಲ್ಲಿನಿಂದ ಕೊಡಗಟ್ಟಲೆ ರಕ್ತ ಹರಿಸಿದ. ಸೈನಿಕನನ್ನು ಕುರುಡು ಮಾಡಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರಿಸಿ ಅಳಿಸಿದ. ಚೆನ್ನಾಗಿ ಬಂತು ಎಂದು ಸಂಘದ ಸಭೆಯಲ್ಲಿ ಪ್ರಿನ್ಸ್‌ಟನ್ನಿನ ಪ್ರಭಾಕರ ಎದ್ದು ನಿಂತು ಓದಿದ್ದ, ಓದುವಾಗ ಅವನ ಹೆಂಡತಿ ಉಷಾ ಕಣ್ಣು ಒರೆಸಿಕೊಂಡಿದ್ದಳು. ಆ ಕಣ್ಣೀರು ಈಗ ಯಾಕೆ ನೆನಪಾಗಬೇಕು. ಹಿಂದಿನ ಕಾರಿನವನು ಪಾರ್ಕಿಂಗ್ ಜಾಗಕ್ಕಾಗಿ ಕಾದು ಕಾದು ಹಾರ್ನ್ ಒತ್ತಿದ.

ಹೈವೇಗೆ ಬಂದ. ಎಡಗಡೆ ಆಫೀಸ್ ಪಾರ್ಕು, ಗಾಜಿನ ಕಟ್ಟಡ, ಅದರಲ್ಲಿ ಹತ್ತೊಂಬತ್ತು ವರ್ಷ ತಾನು ಕೂತ ಕಿಟಕಿ. ಆ ಕಿಟಕಿಯಿಂದ ಮ್ಯಾನ್‌ಹಟನ್ ಕಾಣುತ್ತದೆಂದು ಊರಿಗೆಲ್ಲ ಹೇಳಿದ್ದ, ಕಾಣುತ್ತಿದ್ದುದು ಕಸದ ಡಬ್ಬಿ. ಹೊನ್ನುಗಟ್ಟದ ಬಸವ ನಿಜಕ್ಕೂ ಎಷ್ಟಿತ್ತು? ಒಂದು ಕರುವಿನಷ್ಟು, ಅದೂ ಕಟ್ಟೆಯ ಮೇಲೆ ಕೂತು. ಬಳಪದ ಕಲ್ಲು, ಎಣ್ಣೆ ಕುಡಿದು ಕುಡಿದು ಕಪ್ಪಾದದ್ದು. ಬೇರೆ ಊರುಗಳಲ್ಲಿ ಬಸವನ ಕಿವಿಯಲ್ಲಿ ಬೇಕಾದ್ದನ್ನು ಕೇಳಿಕೊಳ್ಳುತ್ತಾರೆ. ಹೊನ್ನುಗಟ್ಟದಲ್ಲಿ ಮಾಡಿದ್ದನ್ನು ಹೇಳಿಕೊಳ್ಳಬೇಕಿತ್ತು. ಎಡಗಿವಿಯಲ್ಲೇ ಹೇಳಬೇಕು, ಹೇಳುವಾಗ ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಹೇಳಿದ್ದು ಆ ಕಡೆಯಿಂದ ಸೋರಿ ಊರಿಗೆ ಬೀಳುತ್ತದೆ. ಬಸವನನ್ನು ಕಡೆದ ಶಿಲ್ಪಿ ಕಲ್ಲಿನ ಎದೆಯಲ್ಲಿದ್ದ ಬಿರುಕನ್ನು ಊರವರಿಂದ ಮುಚ್ಚಿಟ್ಟನಂತೆ. ಪ್ರತಿಷ್ಠೆಯ ಹಿಂದಿನ ದಿನ ತಡೆಯಲಾರದೆ ಅದರ ಎಡಗಿವಿಯಲ್ಲಿ ಒಪ್ಪಿಕೊಂಡನಂತೆ. ಬೆಳಗಾಗುವುದರಲ್ಲಿ ಬಿರುಕು ಎದೆಯಿಂದ ಸರಿದು ಕಿವಿಯ ಬುಡಕ್ಕೆ ಬಂದು ನಿಂತಿತ್ತಂತೆ. ನಿನ್ನದನ್ನು ನಾನು ಇಲ್ಲಿ ಇಟ್ಟುಕೊಂಡೆ ಹೋಗು ಎಂಬ ಹಾಗೆ. ಇಷ್ಟೇ ಅಜ್ಜಿ ಹೇಳುತ್ತಿದ್ದ ಕತೆ. ರಕ್ತವಿಲ್ಲ, ಕತ್ತಿಯಿಲ್ಲ. ಇಷ್ಟು ಸಣ್ಣ ಕತೆಯನ್ನು ಏಳು ಪುಟದಲ್ಲಿ ಎಲ್ಲಿ ಇಡುವುದು ಎಂದು ಬಿಟ್ಟುಬಿಟ್ಟಿದ್ದೆ ಎಂದು ಅವನು ಈಗ ತನಗೇ ಹೇಳಿಕೊಂಡ. ಹೇಳಿಕೊಂಡದ್ದು ತನಗೇ ಒಪ್ಪಿಗೆಯಾಗದೆ ರೇಡಿಯೋ ಹಾಕಿದ, ಆರಿಸಿದ.

ಮನೆಗೆ ಬಂದರೆ ನಳಿನಾಕ್ಷಿ ಅಕ್ಕಿರೊಟ್ಟಿಯ ಹಿಟ್ಟು ಕಲಸಿಟ್ಟು ಕೊತ್ತಂಬರಿಗೆ ಕಾಯುತ್ತಿದ್ದಳು. ಊರ ಹುಡುಗಿ ಬರುತ್ತಾಳೆಂದರೆ ನೀವು ಕುಣಿಯಬೇಕಿತ್ತು, ಮುಖ ಯಾಕೆ ಹೀಗಿದೆ ಎಂದು ಕೇಳಿದಳು. ಟ್ರಾಫಿಕ್ ಎಂದ. ಶನಿವಾರ ಬೆಳಿಗ್ಗೆ ಎಂಟೂವರೆಗೆ ಯಾವ ಟ್ರಾಫಿಕ್ ಎಂದಳು. ಉತ್ತರ ಹೊಳೆಯಲಿಲ್ಲ, ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಉತ್ತರ ಹೊಳೆಯದಿದ್ದುದು ಇದು ಎರಡನೆಯ ಸಲ. ಅವಳು ಕೈ ಒರೆಸಿಕೊಂಡು, ಇವತ್ತು ಇನ್ನೂ ದೀಪ ಹಚ್ಚಿಲ್ಲ ಎಂದು ದೇವರ ಕಪಾಟಿನ ಬಾಗಿಲು ತೆರೆದಳು. ನೋಡಬಾರದು ಎಂದುಕೊಂಡೇ ನೋಡಿದ. ಗಣಪತಿ, ಲಕ್ಷ್ಮಿ, ಅತ್ತೆ ಕೊಟ್ಟ ಬೆಳ್ಳಿಯ ಲಿಂಗ, ಅದರ ಪಕ್ಕದಲ್ಲಿ ಅಂಗೈಯಗಲದ ಕಪ್ಪು ಕಲ್ಲು. ನಳಿನಾಕ್ಷಿ ಅದಕ್ಕೆ ವಿಭೂತಿ ಎಳೆದು ನಡುವೆ ಕುಂಕುಮದ ಬೊಟ್ಟಿಟ್ಟಳು. ಇದು ಏನು ಎಂದು ಮದುವೆಯಾದ ಹೊಸದರಲ್ಲಿ ಅವಳು ಸೂಟ್‌ಕೇಸಿನ ತಳದಿಂದ ಎತ್ತಿ ಕೇಳಿದಾಗ, ಮೊದಲನೆಯ ಸಲ ಉತ್ತರ ಹೊಳೆಯದೆ ಹೋದ ಆ ಒಂದು ಕ್ಷಣದ ನಂತರ, ಕಾಶಿಯಲ್ಲಿ ನೂರಿಪ್ಪತ್ತು ವರ್ಷದ ಸಾಧುವೊಬ್ಬ ಗಂಗೆಯ ತಳಕ್ಕೆ ಮುಳುಗಿ, ಅರ್ಧ ಗಂಟೆಯ ಮೇಲೆ ಎದ್ದು ಬಂದು ತನ್ನ ಕೈಗಿಟ್ಟ ಕಲ್ಲು ಎಂದಿದ್ದ. ಕಾಶಿಕಲ್ಲು ಎಂದೇ ಅದಕ್ಕೆ ಹೆಸರಾಯಿತು. ದಿನಾ ಪೂಜೆ. ಮಗ ಕುಶಾಲ್ ಹುಟ್ಟುವ ಮೊದಲು ನಳಿನಾಕ್ಷಿ ಅದಕ್ಕೆ ಹರಕೆ ಹೊತ್ತಿದ್ದಳು, ಹುಟ್ಟಿದ ಮೇಲೆ ತೀರಿಸಿದಳು. ಆರು ವರ್ಷದ ಕುಶಾಲ್ ಒಂದು ದಿನ ಕಪಾಟಿನ ಮುಂದೆ ಮೂಗು ತಾಗಿಸಿ ನಿಂತು, “ಅಪ್ಪಾ, ವೈ ಡಸ್ ಇಟ್ ಲುಕ್ ಲೈಕ್ ಆನ್ ಇಯರ್?” ಎಂದು ಕೇಳಿದ್ದ. ನಳಿನಾಕ್ಷಿ ಮಗನ ಬಾಯಿ ಮುಚ್ಚಿಸಿ ಕೆನ್ನೆ ತಟ್ಟಿಕೊಳ್ಳುವಂತೆ ಮಾಡಿದ್ದಳು. ತಾನು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದ. ಮಗು ತಪ್ಪಾಯ್ತು ತಪ್ಪಾಯ್ತು ಎಂದು ಕೆನ್ನೆ ತಟ್ಟಿಕೊಳ್ಳುತ್ತಿತ್ತು.

ಕಲ್ಲು ಅಷ್ಟು ಸುಲಭವಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಬಾತ್‌ರೂಮಿಗೆ ಹೋಗಿ ಶೇವ್ ಮಾಡಿಕೊಳ್ಳತೊಡಗಿದ, ಕನ್ನಡಿಯಲ್ಲಿ ನೊರೆಯ ಅಂಚಿನಲ್ಲಿ ತನ್ನ ಎಡಗಿವಿ ಕಂಡಿತು, ಜೊತೆಗೇ ಹನ್ನೊಂದು ವರ್ಷದವನಾಗಿದ್ದಾಗಿನ ತನ್ನ ಎರಡು ಕೈ. ನಾನು ಹೇಳಿದರೆ ಬಸವ ಕಿವಿ ಆಡಿಸುತ್ತೆ ಎಂದು ಶಾಲೆಯಲ್ಲಿ ಹೇಳಿಬಿಟ್ಟಿದ್ದ. ಆಡಿಸು ನೋಡೋಣ ಎಂದು ನಾಲ್ಕು ಜನ ಮಧ್ಯಾಹ್ನದ ಬಿಸಿಲಲ್ಲಿ ಬಂದು ಮಂಟಪದ ಮುಂದೆ ನಿಂತರು. ಹೇಳಿದ, ಆಡಿಸಲಿಲ್ಲ. ದೇವಭಾಷೆಯಲ್ಲಿ ಹೇಳಬೇಕು ಎಂದು ಏನೇನೋ ಗೊಣಗಿದ, ಆಡಿಸಲಿಲ್ಲ. ನಾಲ್ವರೂ ನಕ್ಕು, ಸುಳ್ಳಪ್ಪ ಎಂದು ಕೂಗುತ್ತ ಓಡಿಹೋದರು. ಅವರು ಹೋದ ಮೇಲೂ, ನೋಡುವವರು ಯಾರೂ ಇಲ್ಲದ ಮೇಲೂ, ಒಂದು ಸಲ ಆಡಿದರೆ ಸಾಕು, ತಾನು ಹೇಳಿದ್ದು ನಿಜವಾದರೆ ಸಾಕು ಎಂದು ಎರಡೂ ಕೈಯಿಂದ ಕಿವಿಗೆ ಜೋತುಬಿದ್ದ. ಅದು ಆಡಿತು. ಆಡಿ, ಶಿಲ್ಪಿಯ ಬಿರುಕಿನಲ್ಲಿ ಸಣ್ಣ ಸದ್ದಾಗಿ, ಇವನ ಜೊತೆಗೇ ಕೆಳಗೆ ಬಂತು. ಮನೆಗೆ ಓಡುವಾಗ ಅದು ಅಂಗಿಯೊಳಗೆ ತಣ್ಣಗೆ ಒತ್ತುತ್ತಿತ್ತು. ಸಂಜೆ ಧರ್ಮದರ್ಶಿಯಾಗಿದ್ದ ಅಪ್ಪ ಮನೆಯವರನ್ನೆಲ್ಲ ಕೇಳಿದರು, ಇವನನ್ನೂ ಕೇಳಿದರು. ಎಲ್ಲವನ್ನೂ ಹತ್ತು ಪಾಲು ಹಿಗ್ಗಿಸಿ ಹೇಳುವ ಹುಡುಗ ಅವತ್ತು ಒಂದು ಚೂರೂ ಹಿಗ್ಗಿಸಲಿಲ್ಲ. “ಸಿದ್ದರಾಮ ಹಾರೆ ಹಿಡ್ಕೊಂಡು ಮಂಟಪದ ಕಡೆ ಹೋಗಿದ್ದು ನೋಡ್ದೆ,” ಎಂದ, ಅಷ್ಟೆ. ಅದು ನಿಜ. ಅಂಗಳದ ಚಪ್ಪಡಿ ಸಂದಿಯ ಹುಲ್ಲು ಕೀಳಲು ಸಿದ್ದರಾಮಪ್ಪ ದಿನಾ ಹಾರೆ ಹಿಡಿದೇ ಹೋಗುತ್ತಿದ್ದ. ಸೋಮವಾರ ಬಸವನಿಗೆ ಎಣ್ಣೆ ಹಚ್ಚುವ ಸೇವೆ ಅವನ ಮನೆತನದ್ದು. ಮುಂದಿನ ಸೋಮವಾರ ಎಣ್ಣೆ ಬಟ್ಟಲು ಬೇರೆಯವರ ಕೈಯಲ್ಲಿತ್ತು. ಇವನ ಇಡೀ ಬಾಳಿನಲ್ಲಿ ಎಲ್ಲರೂ ನಂಬಿದ ಮಾತೆಂದರೆ ಅದೊಂದೇ. ಕೆನ್ನೆ ಕೊಯ್ದು ನೊರೆ ಕೆಂಪಾಯಿತು. ಕಾಗದದ ಚೂರು ಅಂಟಿಸಿಕೊಳ್ಳುವಷ್ಟರಲ್ಲಿ ಕೆಳಗೆ ಬೆಲ್ ಆಯಿತು.

ತನುಶ್ರೀಗೆ ಇಪ್ಪತ್ತೇಳು ಇರಬಹುದು. ಕೈಯಲ್ಲಿ ಒಂದು ಡಬ್ಬಿ ಮೈಸೂರುಪಾಕು, ಅದನ್ನು ಕೊಟ್ಟು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಬೇಡ ಬೇಡ ಎಂದು ಅವನು ಹಿಂದೆ ಸರಿದದ್ದನ್ನು ನಳಿನಾಕ್ಷಿ ವಿನಯವೆಂದು ತಿಳಿದು ನಕ್ಕಳು. ಹುಡುಗಿ ಕೂತಲ್ಲಿ ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಊರಲ್ಲಿ ಗುಡಿ ರಿಪೇರಿ ಮುಗಿದಿದೆ. ಕಮಿಟಿಯವರು ಸ್ಥಳಪುರಾಣವನ್ನು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಪಕ್ಕದಲ್ಲಿ ನಿಲ್ಲಿಸುತ್ತಾರೆ, ಕೆತ್ತಿಸುವುದು ಅಂಕಲ್ ಬರೆದದ್ದನ್ನೇ. ಈ ಸೋಮವಾರ ನಿಲ್ಲಿಸುವುದು. ನಲವತ್ತೆಂಟು ವರ್ಷದಿಂದ ತಾತ ಗುಡಿಯೊಳಗೆ ಕಾಲಿಟ್ಟಿಲ್ಲ, ರಸ್ತೆಯಲ್ಲೇ ನಿಂತು ಕೈಮುಗಿದು ಹೋಗುತ್ತಾರೆ. ಊರಲ್ಲಿ ಅವರಿಗೆ ಕಿವಿಮುರುಕ ಅಂತಲೇ ಹೆಸರು. ಅಪ್ಪ ಶಾಲೆಗೆ ಹೋದಾಗ ಕಿವಿಮುರುಕನ ಮಗ, ನಾನು ಹೋದಾಗ ಕಿವಿಮುರುಕನ ಮೊಮ್ಮಗಳು. “ಹುಡುಗರು ನನ್ನ ಹಿಂದೆ ಬಂದು ಕಿವಿ ಮುಚ್ಕೊಂಡು ಓಡೋರು ಅಂಕಲ್, ನಾನು ಮುರಿದುಬಿಡ್ತೀನಿ ಅಂತ,” ಎಂದು ನಗಲು ನೋಡಿದಳು. ನಿಮ್ಮ ಲೇಖನ ಬಂದ ಮೇಲೆ ಕಮಿಟಿಯವರೇ, ಎಲ್ಲ ಆಮೇಲೆ ಹುಟ್ಟಿದವರು, ಮನೆಗೆ ಬಂದರು, ಕಿವಿ ಆಗಲೇ ನಾಲ್ಕು ನೂರು ವರ್ಷದ ಹಿಂದೆ ಹೋಗಿತ್ತಂತೆ, ತಪ್ಪಾಯಿತು, ಸೋಮವಾರ ನೀವೇ ಬಂದು ಎಣ್ಣೆ ಹಚ್ಚಿ ಎಂದು ಕರೆದರು. ಅಪ್ಪ ಅತ್ತುಬಿಟ್ಟರು.

ಅವನಿಗೆ ಒಂದು ಕ್ಷಣ ಮೈ ಹಗುರಾಯಿತು. ಇದಕ್ಕಿಂತ ಚೆಂದದ ಸುಳ್ಳನ್ನು ಯಾರು ಹೇಳಿದ್ದಾರೆ. ಯಾವ ನ್ಯಾಯಾಲಯವೂ ಮಾಡದ್ದನ್ನು ತನ್ನ ಕುರುಡ ಸೈನಿಕ ಮಾಡಿಬಿಟ್ಟನಲ್ಲ. ಸೋಫಾಕ್ಕೆ ಒರಗಿ ಕಾಲ ಮೇಲೆ ಕಾಲು ಹಾಕಿದ. ಆ ಸೈನಿಕನ ಹೆಸರನ್ನೂ ತಾನು ಹಳೆಯ ಕಡತದಲ್ಲಿ ನೋಡಿದ್ದೇನೆ ಎಂದು ಶುರು ಮಾಡಿಯೇ ಬಿಟ್ಟಿದ್ದ.

“ಆದರೆ ತಾತ ಬರಲ್ಲ ಅಂತ ಹಟ ಹಿಡಿದಿದ್ದಾರೆ ಅಂಕಲ್,” ಎಂದಳು ತನುಶ್ರೀ. “ನಾನು ಓದಿ ಹೇಳಿದ್ದನ್ನ ನಂಬ್ತಿಲ್ಲ. ಧರ್ಮದರ್ಶಿಗಳ ಮಗನ ಬಾಯಿಂದ ಕೇಳಬೇಕಂತೆ. ನೀವು ಒಂದು ಮಾತು ಹೇಳಿಬಿಡಿ, ಸಾಕು. ಎಂಬತ್ತೆಂಟು ವರ್ಷ ಅವರಿಗೆ. ಸೋಮವಾರ ಹೋಗದಿದ್ದರೆ ಇನ್ನು ಯಾವಾಗ?”

ಬೇಡ ಎನ್ನುವಷ್ಟರಲ್ಲಿ ವಿಡಿಯೋ ಕಾಲ್ ಹೋಗಿತ್ತು. ಹೊನ್ನುಗಟ್ಟದಲ್ಲಿ ಸಂಜೆ ಏಳಾಗಿತ್ತು, ಫೋನ್ ಹಿಡಿದಿದ್ದ ತನುಶ್ರೀಯ ಅಪ್ಪ ಮೊದಲು ಕಂಡು ಕೈಮುಗಿದ, ಆಮೇಲೆ ಫೋನು ಅಲುಗಾಡಿ, ಟ್ಯೂಬ್‌ಲೈಟು, ಕ್ಯಾಲೆಂಡರು, ಗೋಡೆಗೆ ಒರಗಿ ಕೂತ ಮುದುಕ. ಹಾರೆ ಹಿಡಿದ ಆ ದೊಡ್ಡ ತೋಳುಗಳು ಎಲ್ಲಿ ಹೋದವು? ಇವನಿಗೆ ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ. ಹುಡುಗನಾಗಿದ್ದಾಗ ಏ ಸಿದ್ದರಾಮ ಎನ್ನುತ್ತಿದ್ದ, ನಲವತ್ತು ವರ್ಷದ ಗಂಡಸನ್ನು. ನಮಸ್ಕಾರ ಎಂದಷ್ಟೇ ಅಂದ.

“ಬುದ್ಧೀ, ಚೆನ್ನಾಗಿದೀರಾ?” ಎಂದ ಸಿದ್ದರಾಮಪ್ಪ. “ತಾವು ಬರ್ದಿದ್ದ ನಮ್ಮ ಮಗು ಓದಿ ಹೇಳ್ತು. ಬಲು ಚೆಂದಾಗೈತೆ. ಆದ್ರೆ ಸುಳ್ಳು ಬುದ್ಧಿ.” ತನುಶ್ರೀ ತಾತಾ ಎಂದು ತಡೆಯಲು ಹೋದಳು, ಅವನು ಕೈಯೆತ್ತಿದ. “ಆ ಕಿವಿ ಇತ್ತು. ಇಪ್ಪತ್ತು ವರ್ಸ ನಾನೇ ಎಣ್ಣೆ ಹಚ್ಚಿವ್ನಿ. ಬುಡದಲ್ಲಿ ಸಿಲ್ಪಿ ಬಿರುಕಿತ್ತು, ಹಿಂದ್ಗಡೆ ಹುಣಸೆಬೀಜದಷ್ಟು ಒಂದು ಗುಳಿ, ಹೆಬ್ಬೆಟ್ಟು ಹೋಗಿ ಅಲ್ಲೇ ಕೂರೋದು. ನಾನ್ ಮುರೀಲಿಲ್ಲ. ಯಾರೋ ಸಿಪಾಯೀನೂ ಮುರೀಲಿಲ್ಲ. ಇಲ್ದಿದ್ದ ಕಿವಿಗೆ ಎಣ್ಣೆ ಹಚ್ಚಿದೆ ಅಂತ ಬಸವನ ಮುಂದೆ ಹೋಗಿ ಹೆಂಗೆ ನಿಂತ್ಕಳನ? ತಮಗೇನಾದ್ರೂ ಗೊತ್ತಿದ್ರೆ ಹೇಳಿ. ಅದ ಕೇಳಾನ ಅಂತಾನೇ ಕರೆಸ್ದೆ.”

ಹುಣಸೆಬೀಜದಷ್ಟು ಗುಳಿ. ಹಾಸ್ಟೆಲಿನಲ್ಲಿ ದೀಪ ಆರಿಸಿದ ಮೇಲೆ ದಿಂಬಿನ ಕೆಳಗೆ, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಬಾಡಿಗೆ ಕೋಣೆಯಲ್ಲಿ, ಕುಶಾಲ್ ಹುಟ್ಟಿದ ದಿನ ಆಸ್ಪತ್ರೆಯಿಂದ ಬಂದು ಕಪಾಟಿನ ಮುಂದೆ ಒಬ್ಬನೇ ನಿಂತಾಗ, ತನ್ನ ಹೆಬ್ಬೆರಳು ಹೋಗಿ ಕೂರುತ್ತಿದ್ದ ಜಾಗ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು. ಹಾಗೆ ಅನ್ನಿಸುತ್ತೆ, ವಯಸ್ಸಾದ ಮೇಲೆ ನೆನಪು ಹಾಗೇ, ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿಯೂ ಹೇಳಿದ ಅರ್ಧ. ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ಹೋಗಿ ಗುಳಿಯನ್ನು ಹುಡುಕುತ್ತಿತ್ತು. ತನುಶ್ರೀ ಅದನ್ನು ನೋಡಿದಳೋ ಇಲ್ಲವೋ. ಮಾತು ಕೇಳಿಸದೆ ಮುದುಕ ಮುಂದೆ ಬಾಗಿ, ಮಗನ ಕೈಯಿಂದ ಫೋನನ್ನು ಎಳೆದು ಕಿವಿಗೆ ಹತ್ತಿರ ಹಿಡಿದ. ಮುಖ ಹೋಯಿತು. ಇಡೀ ಪರದೆಯ ತುಂಬ ಒಂದು ಕಿವಿ: ಸುಕ್ಕುಗಟ್ಟಿದ ಅಂಚು, ಬಿಳಿಯ ಕೂದಲು, ಹರಳು ಬಿದ್ದುಹೋದ ಒಂಟಿಯ ತೂತು. ಕಾಯುತ್ತಿತ್ತು.

“ನಾನೇ ಮುರಿದೆ,” ಎಂದ ನಂಜುಂಡಸ್ವಾಮಿ.

“ಏನಂದ್ರಿ ಬುದ್ಧಿ? ಕೇಳಾಕಿಲ್ಲ.”

ತನುಶ್ರೀಗೆ ಕೇಳಿಸಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಫೋನನ್ನು ಇನ್ನಷ್ಟು ಹತ್ತಿರಕ್ಕೆ, ಅವನ ಬಾಯಿಗೆ ತಾಗುವಷ್ಟು ಹತ್ತಿರಕ್ಕೆ ತಂದು ಹಿಡಿದಳು. “ಇನ್ನೊಂದು ಸಲ ಹೇಳಿ,” ಎಂದಳು. ಅಂಕಲ್ ಎನ್ನಲಿಲ್ಲ. “ಗಟ್ಟಿಯಾಗಿ ಹೇಳಿ. ಅಪ್ಪನಿಗೂ ಕೇಳಲಿ.”

ಅವನು ಎದ್ದ. ಎಲ್ಲಿಗೆ ಏಳುತ್ತಿದ್ದೇನೆಂದು ಕಾಲುಗಳಿಗೆ ಮೊದಲು ಗೊತ್ತಾಯಿತು. ಕಪಾಟಿನ ಬಾಗಿಲು ತೆರೆದು ಕಲ್ಲನ್ನು ಎತ್ತಿಕೊಂಡ, ಕುಂಕುಮ ಬೆರಳಿಗೆ ಹತ್ತಿತು. ಫೋನ್ ಹಿಡಿದು ಹಿಂದೆಯೇ ಬಂದಿದ್ದ ತನುಶ್ರೀಯ ಎದುರಿಗೆ ನಿಂತು, ತನಗೆ ತಿಳಿಯದೆಯೇ ಎಡ ಅಂಗೈಯನ್ನು ಫೋನಿನ ಆ ಬದಿಗೆ ಒಯ್ದ, ಇನ್ನೊಂದು ಕಿವಿಯನ್ನು ಮುಚ್ಚುವವನ ಹಾಗೆ. ಅಲ್ಲಿ ಕಿವಿಯಿರಲಿಲ್ಲ, ಹುಡುಗಿಯ ಬೆರಳುಗಳಿದ್ದವು. ಕೈ ಇಳಿಸಿದ.

“ನಾನೇ ಮುರಿದೆ ಸಿದ್ದರಾಮಪ್ಪ,” ಎಂದು ಕೂಗಿದ. ಅಡುಗೆಮನೆಯಲ್ಲಿ ತಟ್ಟುವ ಸದ್ದು ನಿಂತಿತು. “ಸೈನಿಕ ಯಾವನೂ ಬಂದಿರಲಿಲ್ಲ. ಜೋತುಬಿದ್ದೆ, ಕಿತ್ತು ಬಂತು. ನೀವು ಹಾರೆ ಹಿಡ್ಕೊಂಡು ಹೋಗಿದ್ದು ನೋಡ್ದೆ ಅಂತ ಅಪ್ಪನ ಹತ್ರ ಹೇಳಿದವನೂ ನಾನೇ. ಕಿವಿ ನನ್ನ ಕೈಯಲ್ಲಿದೆ. ಗುಳಿ ಇದೆ. ಕಲ್ಲಲ್ಲಿ ಅದನ್ನ ಕೆತ್ತಬೇಡಿ ಅಂತ ಹೇಳಿ, ಇದನ್ನ ಬರೀಲಿ, ನನ್ನ ಹೆಸರು ಹಾಕಿ ಬರೀಲಿ.”

ಆ ಕಡೆಯ ಕಿವಿ ಸರಿಯಲಿಲ್ಲ, ಪರದೆಯ ತುಂಬ ಹಾಗೆಯೇ ಇತ್ತು, ಇನ್ನೂ ಇದೆಯೇನೋ, ಇದ್ದರೆ ಹೇಳಿಬಿಡು ಎಂಬ ಹಾಗೆ. ನಳಿನಾಕ್ಷಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು, ಅವಳ ಕಣ್ಣು ಅವನ ಕೈಯಲ್ಲಿದ್ದ ಕುಂಕುಮದ ಕಲ್ಲಿನ ಮೇಲಿತ್ತು. ಅವನು ಅವಳ ಕಡೆ ತಿರುಗಲಾರದೆ ಫೋನಿಗೇ ಹೇಳಿದ.

“ಗುಡಿ ನೆಲದ ಮೇಲೇ ಇದೆ. ಬಸವ ಇಷ್ಟೇ ಎತ್ತರ. ನಾನು ಕಾಶಿಗೆ ಹೋಗೇ ಇಲ್ಲ.”